ಕಾರ್ಡಿನ ಹಿಂಬದಿಯ ಇಪ್ಪತ್ತೈದು ಅಕ್ಷರ

ಐದು ಖಾಲಿ ಚೌಕಗಳು, ಒಂದೊಂದರಲ್ಲೂ ಐದೈದು ಅಕ್ಷರಗಳಿಗೆ ಜಾಗ. ಅವು ತುಂಬುವವರೆಗೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ಆ ಭಾನುವಾರ ಬೆಳಿಗ್ಗೆಯಿಂದ ಮೂರು ಸಲ ಮೊದಲಿನಿಂದ ಶುರು ಮಾಡಿದ್ದೆ. ಮೂರು ಸಲವೂ ಅದು ಅರ್ಧ ಗಂಟೆ ಗುರುಗುಟ್ಟಿ, ಅದೇ ಚೌಕಗಳ ಮುಂದೆ ತಂದು ನಿಲ್ಲಿಸಿತ್ತು. ಹಳೆಯ ಆಪರೇಟಿಂಗ್ ಸಿಸ್ಟಂನ ಸಿ.ಡಿ. ನನ್ನ ಹತ್ತಿರವಿತ್ತು. ಆ ಚೌಕಗಳಿಗೆ ತುಂಬಬೇಕಾದ ಲೈಸೆನ್ಸ್ ಕೀ ಇರಲಿಲ್ಲ. ಅದು ಗೊತ್ತಿದ್ದವಳು ಅಕ್ಕ ಒಬ್ಬಳೇ. ಅಕ್ಕ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಅಪ್ಪ ತೀರಿಕೊಂಡ ವರ್ಷ ಅಕ್ಕ ಪಿಯುಸಿ ಮುಗಿಸಿ ಮದ್ದೂರಿನ ಬಸ್ ನಿಲ್ದಾಣದ ಹತ್ತಿರದ ಒಂದು ಡಿ.ಟಿ.ಪಿ. ಅಂಗಡಿಗೆ ಸೇರಿದ್ದಳು. ನಾನಾಗ ಏಳನೇ ತರಗತಿ. ಮುಂದೆ ಅಂಗಡಿ ಮುಚ್ಚುವಾಗ ಮಾಲೀಕರು ಅವಳು ಕೂತು ಕೆಲಸ ಮಾಡುತ್ತಿದ್ದ ಕಂಪ್ಯೂಟರನ್ನು ಅವಳಿಗೇ ಕೊಟ್ಟುಬಿಟ್ಟರು. ನಿಡಘಟ್ಟದಿಂದ ಒಳಗಿರುವ ನಮ್ಮೂರಿಗೆ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ನಡುಮನೆಯ ಕಿಟಕಿಯ ಪಕ್ಕ ಹೂಡಿದಳು. ಮದುವೆ, ನಾಮಕರಣ, ಗೃಹಪ್ರವೇಶದ ಕಾರ್ಡುಗಳನ್ನೂ ಮಾಡುತ್ತಿದ್ದಳು. ಆದರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು ತಿಥಿ ಕಾರ್ಡಿಗೆ. ಸಾವಿನ ಮನೆಯವರಿಗೆ ಸಮಯವಿರುವುದಿಲ್ಲ. ಹನ್ನೊಂದನೆಯ ದಿನದೊಳಗೆ ಊರೂರಿಗೂ ಕಾರ್ಡು ಹಂಚಿ ಮುಗಿಯಬೇಕು. ಬೆಳಿಗ್ಗೆ ಬಂದವರಿಗೆ ಅಕ್ಕ ಮಧ್ಯಾಹ್ನಕ್ಕೆಲ್ಲ ಮಾಡಿ, ಮಂಡ್ಯದ ಪ್ರೆಸ್ಸಿಗೆ ಕಳಿಸುತ್ತಿದ್ದಳು. ಆ ಕಾರ್ಡುಗಳ ದುಡಿಮೆಯಲ್ಲೇ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದಿದೆ. ಈಗ ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ನಮ್ಮ ಕಡೆ ತಿಥಿ ಕಾರ್ಡನ್ನು ಓದಿದ ಮೇಲೆ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಎರಡು ತುಂಡು ಮಾಡಿ ಹೊರಗೆ ಎಸೆಯಬೇಕು. ಅಂಥದ್ದರಲ್ಲಿ ನಮ್ಮ ಮನೆಯಲ್ಲಿ ಕಾರ್ಡು ಮಾಡುವವಳೇ ಇದ್ದಳು. ಅವ್ವ ತನ್ನದೇ ಒಂದು ನಿಯಮ ಮಾಡಿಕೊಂಡಳು: ಪರದೆಯ ಮೇಲಿದ್ದರೆ ಪರವಾಗಿಲ್ಲ, ಕಾಗದಕ್ಕೆ ಇಳಿದದ್ದು ಸಂಜೆ ದೀಪ ಹಚ್ಚುವುದರೊಳಗೆ ಹೊರಗೆ ಹೋಗಬೇಕು. ಅಕ್ಕನಿಗೋ ಕೆಟ್ಟುಹೋದ ಪ್ರೂಫ್ ಕಾರ್ಡುಗಳ ಹಿಂಬದಿಯೇ ನೋಟ್‌ಬುಕ್. ಫೋನ್ ನಂಬರು, ಬಸ್ಸಿನ ಹೊತ್ತು, ದಿನಸಿ ಪಟ್ಟಿ ಎಲ್ಲ ಅದರ ಮೇಲೆಯೇ.

"ಅವ್ವಾ, ನನ್ ಚೀಟಿನೂ ಅರ್ದಾಕ್ಬುಟ್ಯಾ?"

"ಯಾರ್ದೋ ಸಾವ ತಂದು ಅಕ್ಕಿ ಡಬ್ಬದ್ ಮ್ಯಾಲ್ ಮಡಗಿದ್ದೀಯಲ್ಲ, ಬುದ್ಧಿ ಐತೇನಮ್ಮಿ ನಿಂಗೆ?"

"ಆ ಸಾವಿಂದ್ಲೇ ಕಣವ್ವ ಡಬ್ಬುಕ್ಕೆ ಅಕ್ಕಿ ಬತ್ತಿರದು."

ಕಾರ್ಡಿಗೆ ಫೋಟೋ ಬೇಕು. ಹಳ್ಳಿಯ ಅಜ್ಜಿಯರು ಒಬ್ಬರೇ ಇರುವ ಫೋಟೋ ಸಿಗುವುದೇ ಕಷ್ಟ. ಯಾವುದೋ ಮದುವೆಯ ಗುಂಪು ಫೋಟೋ ತಂದುಕೊಡುತ್ತಿದ್ದರು. ಅಕ್ಕ ಗುಂಪಿನಿಂದ ಒಂದು ಮುಖವನ್ನು ಬಿಡಿಸಿ, ಪಕ್ಕದವರ ಭುಜ, ಹಿಂದಿನವರ ಕೈ ಎಲ್ಲ ಅಳಿಸಿ, ಬರಿದಾದ ಜಾಗಕ್ಕೆ ತಿಳಿನೀಲಿ ತುಂಬುತ್ತಿದ್ದಳು. ಎಷ್ಟೇ ಅವಸರವಿದ್ದರೂ ಈ ಕೆಲಸವನ್ನು ಮಾತ್ರ ನಿಧಾನವಾಗಿ ಮಾಡುತ್ತಿದ್ದಳು. ಮದುವೆ ಕಾರ್ಡಿನ ವಿಷಯ ಬೇರೆ. ಹೆಸರುಗಳು ಬರುವವರೆಗೆ ಖಾಲಿ ಜಾಗಕ್ಕೆ ತೋಚಿದ್ದನ್ನು ತುಂಬಿ, ನನ್ನನ್ನು ಕರೆದು ತೋರಿಸುತ್ತಿದ್ದಳು. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಒಮ್ಮೆ ‘ಬೀಗರೂಟದಲ್ಲಿ ಬರೀ ಮೂಳೆ ಬಡಿಸುವವರು’ ಎಂದಿತ್ತು.

ತನಗೆ ಮದುವೆ ಬೇಡವೆಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು. ನನ್ನನ್ನು ನೋಡಲು ಮಂಡ್ಯದಿಂದ ಒಂದು ಕುಟುಂಬ ಬಂತು. ಹುಡುಗನ ತಾಯಿ ಕಾಫಿ ಲೋಟ ಕೆಳಗಿಡುತ್ತ, "ನಿಮ್ಮಕ್ಕ ಏನ್ ಮಾಡ್ತಾರಮ್ಮ?" ಎಂದು ಕೇಳಿದರು. ಕಂಪ್ಯೂಟರಿನ ಮೇಲೆ ಅವತ್ತು ಟವೆಲ್ ಹೊದಿಸಿತ್ತು. ಹೊದಿಸಿದವಳು ನಾನು.

"ಏನಿಲ್ಲ, ಮನೇಲೇ ಇರ್ತಾಳೆ" ಎಂದೆ.

ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಿಥಿ ಕಾರ್ಡು ಮಾಡುವ ಮನೆ ಎಂದು ಅವರು ಹಿಂಜರಿದಾರೆಂದು ಹಾಗೆಂದೆನೋ, ನನಗೇ ನಾಚಿಕೆಯಾಗಿತ್ತೋ, ಈಗಲೂ ಖಚಿತವಾಗಿ ಹೇಳಲಾರೆ. ಆ ಸಂಬಂಧ ಬೇರೇನೋ ಕಾರಣಕ್ಕೆ ಕೂಡಿಬರಲಿಲ್ಲ. ಅಕ್ಕ ಜಗಳವಾಡಲಿಲ್ಲ. ‘ಊಟಕ್ಕೆ ಬಾ’, ‘ಬಸ್ಸು ಬಂತು’, ಇಷ್ಟೇ ಮಾತು. ಕಾರ್ಡು ತೋರಿಸಲು ನನ್ನನ್ನು ಕರೆಯುವುದು ನಿಂತಿತು. ಹೀಗೆ ನಾಲ್ಕು ತಿಂಗಳು ಕಳೆಯಿತು. ಐದನೆಯ ತಿಂಗಳಲ್ಲಿ ಅವಳಿಗೆ ಜ್ವರ ಬಂದು, ಪ್ಲೇಟ್‌ಲೆಟ್ ಇಳಿದು, ಮಂಡ್ಯದ ಆಸ್ಪತ್ರೆಯಲ್ಲಿ ಆರು ದಿನ ಇದ್ದಳು. ನಾನು ಮಂಚದ ಪಕ್ಕದಲ್ಲೇ ಇದ್ದೆ. ಆಡಬೇಕಾದ ಮಾತನ್ನು ಮನೆಗೆ ಹೋದ ಮೇಲೆ ಆಡೋಣ ಅಂದುಕೊಂಡಿದ್ದೆ.

ಅವಳ ತಿಥಿ ಕಾರ್ಡನ್ನು ಮಂಡ್ಯದಲ್ಲಿ ಗುರುತಿಲ್ಲದ ಯಾರೋ ಮಾಡಿದರು. ನಾವಿಬ್ಬರೂ ನಿಂತಿದ್ದ ಫೋಟೋದಿಂದ ನನ್ನನ್ನು ತೆಗೆದಿದ್ದರು. ಅವಸರದ ಕೆಲಸ. ಅಕ್ಕನ ಎಡಭುಜದ ಮೇಲೆ ನನ್ನ ಮೂರು ಬೆರಳು ಉಳಿದುಬಿಟ್ಟಿದ್ದವು.

ವರ್ಷದ ತಿಥಿ ಮುಗಿದ ಮೇಲೆ ಟವೆಲ್ ತೆಗೆದು ಕಂಪ್ಯೂಟರ್ ಹಾಕಿದೆ. ಅದು ಪೂರ್ತಿ ಶುರುವಾಗುವ ಮೊದಲೇ ಆರಿ, ಮತ್ತೆ ಶುರುವಾಗಿ, ಮತ್ತೆ ಆರುತ್ತಿತ್ತು. ಮಂಡ್ಯದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಕೆಟ್ಟಿದ್ದುದು ಆಪರೇಟಿಂಗ್ ಸಿಸ್ಟಂ ಮಾತ್ರ. ಅಕ್ಕನ ಕೆಲಸವೆಲ್ಲ ಡಿಸ್ಕಿನ ಇನ್ನೊಂದು ಭಾಗದಲ್ಲಿ ಸುರಕ್ಷಿತವಾಗಿತ್ತು. ಅಂಗಡಿಯವನು ಆ ಪಟ್ಟಿಯನ್ನು ತನ್ನ ಪರದೆಯ ಮೇಲೆ ತೆರೆದ. ಪೂರಿಗಾಲಿ ಅಜ್ಜಿ, ಮಳವಳ್ಳಿ ಮೇಷ್ಟ್ರು, ಹೀಗೆ ನೂರಾರು ಫೈಲುಗಳು. ಎಲ್ಲಕ್ಕಿಂತ ಕೊನೆಯದನ್ನು ಅಕ್ಕ ಜ್ವರ ಬರುವ ಹಿಂದಿನ ದಿನ ಉಳಿಸಿದ್ದಳು. ಅದರ ಹೆಸರು ‘ತಂಗಿ’.

ಅವನು ಅದನ್ನು ಒತ್ತಿದ. ತೆರೆಯಲಿಲ್ಲ.

"ಇದು ಆ ಕಾಲ್ದ್ ಸಾಫ್ಟ್‌ವೇರು ಕಣಕ್ಕ, ಹೊಸ ಸಿಸ್ಟಮ್ಮಲ್ಲಿ ಬರಲ್ಲ. ಹಳೇದ್ನೇ ಮತ್ತೆ ಹಾಕ್ಬೇಕು. ಕೀ ಇಲ್ವಾ? ಬುಡಿ ಅತ್ಲಾಗೆ, ಯಾವ್ದೋ ಒಂದ್ ಹಾಕ್ಬುಟ್ಟು, ಫೈಲ್ ತೆಗ್ದು ನಿಮ್ ಮೊಬೈಲ್‌ಗೆ ಕಳುಸ್ತೀನಿ. ಇಲ್ಲೇ ಬುಟ್ಟೋಗಿ."

ಬಿಟ್ಟು ಹೋದರೆ ಅಕ್ಕ ನನಗೆಂದು ಬರೆದದ್ದನ್ನು ನನಗಿಂತ ಮೊದಲು ಅವನು ಓದುತ್ತಾನೆ. ಬೇಡವೆಂದು ಕಂಪ್ಯೂಟರನ್ನು ಬಸ್ಸಿನಲ್ಲಿ ವಾಪಸ್ ತಂದೆ. ನಾನೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಕೀ ಇರಬೇಕಾದದ್ದು ಕಂಪ್ಯೂಟರಿನ ಡಬ್ಬದ ಬದಿಗೆ ಅಂಟಿಸಿದ ಚೀಟಿಯಲ್ಲಿ. ಪ್ರತಿ ಆಯುಧಪೂಜೆಗೂ ಅಕ್ಕ ಡಬ್ಬವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸರಿಯಾಗಿ ಆ ಚೀಟಿಯ ಮೇಲೆಯೇ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದಳು. ವರ್ಷವರ್ಷದ ಪೂಜೆಯಲ್ಲಿ ಅಕ್ಷರಗಳೆಲ್ಲ ಉಜ್ಜಿಹೋಗಿ ಕೆಂಪು ಕಲೆಯೊಂದು ಉಳಿದಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಏನೂ ಕಾಣಲಿಲ್ಲ.

ಹೀಗೆ ಆ ಭಾನುವಾರ ಮೂರನೆಯ ಸಲವೂ ಖಾಲಿ ಚೌಕಗಳ ಮುಂದೆ ಕೂತು, ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವನನ್ನು ಕೇಳಿದೆ.

"ಅವ್ವಾ, ಇದ್ರ ನಂಬ್ರನ ಅಕ್ಕ ಎಲ್ಲಾದ್ರೂ ಬರ್ದಿಟ್ಟಿದ್ಲಾ?"

"ಬರ್ದಿದ್ಲು. ಚೀಟಿ ಅಳುಸೋಯ್ತದೆ ಅಂತ ಯಾವ್ದೋ ಕಾರ್ಡಿನ್ ಹಿಂದ್ಗಡೆ ಬರ್ಕಂಡಿದ್ಲು." ಅವ್ವ ತಲೆ ಎತ್ತಲಿಲ್ಲ. "ಅರ್ದಾಕ್ದೆ."

"ಯಾವಾಗ?"

"ಯಾವಾಗ್ಲೋ. ತಿಥಿ ಕಾರ್ಡ ಯಾರಾದ್ರೂ ಮನೇಲಿ ಮಡಿಕತಾರಾ? ಅದ್ರೊಳಗೆ ಏನೈತೆ ಅಂತ ಇಷ್ಟ್ ಒದ್ದಾಡ್ತಿದ್ದೀಯ ನೀನು?"

"ನಂಗೆ ಅಂತ ಏನೋ ಬರ್ದವ್ಳೆ ಕಣವ್ವ. ನನ್ ಮೇಲಿದ್ ಸಿಟ್ಟು ಹೋಗಿತ್ತೋ ಇಲ್ವೋ, ಅದ್ ನೋಡುದ್ರೆ ಗೊತ್ತಾಯ್ತದೆ."

ಆ ವಿಷಯವನ್ನು ನಾವು ಮನೆಯಲ್ಲಿ ಎಂದೂ ಎತ್ತಿರಲಿಲ್ಲ. ಅವ್ವ ಸುಲಿಯುವುದನ್ನು ನಿಲ್ಲಿಸಿದಳು. ಸೆರಗು ಕೊಡವಿಕೊಂಡು ಎದ್ದು ಹಿತ್ತಲಿಗೆ ಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹೋಗಿ ನೋಡಿದೆ. ಕೊಟ್ಟಿಗೆಯಲ್ಲಿ ಹಸುವಿನ ಮೇವಿನ ಕಟ್ಟೆಯ ಮೇಲೆ ಹತ್ತಿ ನಿಂತು, ಹೆಂಚಿನ ಕೆಳಗಿನ ಸಂದಿಗೆ ಕೈ ತೂರಿಸಿದ್ದಳು. ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿದ ಒಂದು ಕಟ್ಟು ಹೊರಗೆ ಬಂತು. ಬಿಚ್ಚಿದರೆ ತಿಥಿ ಕಾರ್ಡುಗಳು. ಮುಂದೆ ಯಾರ್ಯಾರದೋ ಮುಖ, ಹಿಂದೆ ಅಕ್ಕನ ಬರಹ.

"ಅವ್ಳು ತೀರ್ಕಂಡ್ ಮ್ಯಾಲೆ ಅವ್ಳ್ ಪೆಟ್ಗೇಲಿ ಸಿಕ್ದವು. ಮನೆ ಒಳಗೆ ಮಡಗಂಗಿಲ್ಲ. ಅರ್ದಾಕನ ಅಂದ್ರೆ ಹಿಂದ್ಗಡೆ ಅವ್ಳ್ ಕೈ ಬರವಣ್ಗೆ. ಎಂಗಮ್ಮಿ ಅರಿಯದು?" ಎಂದಳು. ಆಮೇಲೆ ಹಸುವಿನ ಕಡೆ ನೋಡುತ್ತ, "ನಿಂಗೇಳುದ್ರೆ ಆಡ್ಕತೀಯ ಅಂದ್ಕಂಡೆ. ಓದ್ದೋಳು ನೀನು" ಎಂದಳು.

ಅವ್ವನಿಗೆ ಓದಲು ಬಾರದು. ಯಾವುದರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಎಲ್ಲವನ್ನೂ ಉಳಿಸಿದ್ದಳು. ಕಟ್ಟಿನ ಅಡಿಯಲ್ಲಿ ಅಕ್ಕನದೇ ಕಾರ್ಡು ಇತ್ತು. ಅದರ ಹಿಂಬದಿ ಖಾಲಿ.

ಕೀ ಸಿಕ್ಕಿದ್ದು ಪೂರಿಗಾಲಿ ಅಜ್ಜಿಯ ಕಾರ್ಡಿನ ಹಿಂದೆ. ಬೆಲ್ಲ, ಸೀಗೇಕಾಯಿ ಎಂದು ಬರೆದದ್ದರ ಕೆಳಗೆ. ಅದನ್ನು ನೋಡಿ ಒಂದೊಂದೇ ಅಕ್ಷರ ಒತ್ತಿದೆ. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದೆ. ಆಗಲೂ ತಪ್ಪು. ಆಮೇಲೆ ನೆನಪಾಯಿತು: ಅಕ್ಕ ಇಂಗ್ಲಿಷಿನ ಎಂಟನ್ನು ಒಂದರ ಮೇಲೊಂದು ಸೊನ್ನೆ ಕೂರಿಸಿದ ಹಾಗೆ ಬರೆಯುತ್ತಿದ್ದಳು, ನಾನು ಅದನ್ನು ‘ಬಿ’ ಎಂದು ಓದಿದ್ದೆ. ಎಂಟು ಎಂದು ಒತ್ತಿದಾಗ ಚೌಕಗಳು ಮರೆಯಾದವು.

ಕೆಲಸವೆಲ್ಲ ಮುಗಿದು ಕಂಪ್ಯೂಟರ್ ಶುರುವಾದಾಗ ಅದರ ಆ ಹಳೆಯ ಸದ್ದು ಬಂತು. ಪ್ರತಿದಿನ ಬೆಳಿಗ್ಗೆ ಆ ಸದ್ದು ಕೇಳಿದ ಮೇಲೆಯೇ ಅವ್ವ ಅಕ್ಕನಿಗೆ ಕಾಫಿ ಇಡುತ್ತಿದ್ದುದು. ಈಗಲೂ ಎದ್ದು ಒಲೆಯ ಕಡೆ ಎರಡು ಹೆಜ್ಜೆ ಹಾಕಿ, ನಿಂತುಬಿಟ್ಟಳು. ಆಮೇಲೆ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು.

ಅಕ್ಕನ ಸಾಫ್ಟ್‌ವೇರನ್ನು ಡಿಸ್ಕಿನಿಂದಲೇ ಹಾಕಿಕೊಂಡು ‘ತಂಗಿ’ಯನ್ನು ತೆರೆದೆ. ಅದು ಪತ್ರವಾಗಿರಲಿಲ್ಲ, ಮದುವೆಯ ಕಾರ್ಡಾಗಿತ್ತು. ವಧುವಿನ ಜಾಗದಲ್ಲಿ ನನ್ನ ಹೆಸರು, ಪಕ್ಕದಲ್ಲಿ ಎಂ.ಎಸ್ಸಿ. ವರನ ಜಾಗದಲ್ಲಿ ಬರೀ ಚುಕ್ಕಿಗಳು. ಸುತ್ತ ಮಲ್ಲಿಗೆ ಬಳ್ಳಿಯ ಅಂಚು. ಅದನ್ನು ಅವಳೇ ಬರೆದಿದ್ದಳು, ಬೇರೆ ಯಾವ ಕಾರ್ಡಿನಲ್ಲೂ ನಾನು ನೋಡಿರಲಿಲ್ಲ. ಕೆಳಗೆ ಮನೆಯವರ ಹೆಸರುಗಳು. ಹೆಸರಿನ ಪಕ್ಕ ಅವರವರ ಉದ್ಯೋಗ ಹಾಕುವುದು ನಮ್ಮ ಕಡೆಯ ರೂಢಿ. ಸೋದರಮಾವನ ಪಕ್ಕ ‘ನಿವೃತ್ತ ಶಿಕ್ಷಕರು’ ಎಂದಿತ್ತು. ಅಕ್ಕನ ಹೆಸರಿನ ಪಕ್ಕ ‘ಏನಿಲ್ಲ, ಮನೆಯಲ್ಲೇ’ ಎಂದಿತ್ತು.

ನಾನು ನಗಲೆಂದು ತುಂಬಿದ್ದೇ? ಆಗಿದ್ದರೆ ಕರೆದು ತೋರಿಸುತ್ತಿದ್ದಳು. ಮಾರನೆಯ ದಿನ ಕರೆಯೋಣ ಅಂದುಕೊಂಡಿದ್ದಳೋ ಏನೋ. ಮಾರನೆಯ ದಿನ ಜ್ವರ.

"ಏನ್ ಬರ್ದವ್ಳಮ್ಮಿ?" ಎಂದಳು ಅವ್ವ.

"ನನ್ ಮದ್ವೆ ಕಾರ್ಡು ಕಣವ್ವ." ಮೇಲಿನಿಂದ ಓದುತ್ತ ಬಂದೆ.

"ಅವ್ಳೆಸ್ರು ಹಾಕಂಡವ್ಳಾ?"

"ಹಾಕಂಡವ್ಳೆ."

"ಪಕ್ಕದಲ್ಲಿ? ಕೆಲ್ಸ ಏನಂತ ಹಾಕಂಡವ್ಳೆ?"

"ಕಾರ್ಡು ಮಾಡ್ತಾಳೆ ಅಂತ" ಎಂದೆ, ಪರದೆಯನ್ನೇ ನೋಡುತ್ತ. "ಮದ್ದೂರಿಂದ ಮಳವಳ್ಳಿಗಂಟ ಎಲ್ರಿಗೂ ಕಾರ್ಡು ಮಾಡ್ಕೊಡೋಳು ಅಂತ."

ಅಕ್ಕನ ಕೆಲಸವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಅಷ್ಟುದ್ದ ಯಾರಾದ್ರೂ ಹಾಕತಾರಾ, ಲೂಸು ಅದು" ಎಂದು ಅವ್ವ ಮೂಗೊರೆಸಿಕೊಂಡಳು. ನಂತರ ಮೇಜಿನ ಮೇಲಿದ್ದ ಪೂರಿಗಾಲಿ ಅಜ್ಜಿಗೆ ಕೈ ಚಾಚಿದಳು. "ಆ ಕಾರ್ಡು ಕೊಡಿಲ್ಲಿ. ದೀಪ ಹಚ್ಚೊ ಒತ್ತಾಯ್ತು."

ಅವಳು ಕೊಟ್ಟಿಗೆಗೆ ಹೋದ ಮೇಲೆ, ಅಕ್ಕನ ಹೆಸರಿನ ಪಕ್ಕದ ಆ ಮಾತನ್ನು ಅಳಿಸಿ, ನಾನು ಅವ್ವನಿಗೆ ಹೇಳಿದ್ದನ್ನೇ ಬರೆದೆ. ಮುಚ್ಚುವಾಗ, ಬದಲಾವಣೆಯನ್ನು ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂದು ಒತ್ತಿದೆ. ಕೆಲವು ಭಾನುವಾರ ಈಗಲೂ ಅದನ್ನು ತೆರೆಯುತ್ತೇನೆ, ಅಳಿಸಿ ಬರೆಯುತ್ತೇನೆ, ಬೇಡ ಎಂದು ಒತ್ತುತ್ತೇನೆ. ಮುಂದಿನ ಸಲ ತೆರೆದಾಗ ಅವಳು ಬರೆದದ್ದು ಅಲ್ಲೇ ಇರುತ್ತದೆ.