ಸ್ಟೇಷಾ ಅತ್ತೆಯ ಬಿಳಿಗೋಡೆ

ಅಜ್ಜಿಮಡಿಲು ಎಂಬ ಊರಿನಲ್ಲಿ ಹುಟ್ಟಿದವರಿಗೆ ಗಾಳಿ ಎಂದರೇನೆಂದು ಗೊತ್ತಾಗುತ್ತಿದ್ದುದು ಕೊಲ್ಲಿಯ ಬಾಯಿ ದಾಟಿದ ಮೇಲೆ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಎರಡು ದೋಣಿ ಪಕ್ಕಪಕ್ಕ ನುಗ್ಗುವಷ್ಟೇ ಬಾಯಿ. ಹೊರಗೆ ಅಟ್ಲಾಂಟಿಕ್ ಕಡಲು ಕುದಿಯುತ್ತಿದ್ದರೂ ಒಳಗಿನ ನೀರಿನಲ್ಲಿ ಬಾತುಕೋಳಿಗಳು ನಿದ್ದೆ ಹೋಗುತ್ತಿದ್ದವು. ನ್ಯೂಫೌಂಡ್‌ಲ್ಯಾಂಡಿನ ಆ ದಕ್ಷಿಣ ತೀರದಲ್ಲಿ ಬಿರುಗಾಳಿಗೆ ಸಿಕ್ಕಿದ ಪರವೂರಿನ ದೋಣಿಗಳೂ ಅಲ್ಲಿಗೇ ಓಡಿಬರುತ್ತಿದ್ದವು. ಹಾಗಾಗಿಯೇ ಹಿಂದಿನವರು ಅದಕ್ಕೆ ಆ ಹೆಸರಿಟ್ಟಿದ್ದು.

ಆದರೆ ಮಡಿಲಿಗೆ ಸೇರುವುದು ಸುಲಭವಿರಲಿಲ್ಲ. ಬಾಯಿಯ ಎರಡೂ ಪಕ್ಕ ನೀರಿನೊಳಗೆ ಬಂಡೆಗಳಿದ್ದವು. ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ಗುರುತು: ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಸೀಳು, ಅದರ ನೇರ ಕೆಳಗೆ ವಿಫೆನ್ ಮನೆಯ ಬಿಳಿಗೋಡೆ. ಸೀಳಿನ ಕೆಳಗೆ ಗೋಡೆ ಬಂತೋ, ದೋಣಿಯ ಮೂತಿಯನ್ನು ಅದಕ್ಕಿಟ್ಟು ಕಣ್ಣು ಮುಚ್ಚಿಕೊಂಡು ಬಂದರೂ ಆಗುತ್ತಿತ್ತು. ಊರಿನ ಹದಿನಾಲ್ಕು ಮನೆಗಳಲ್ಲಿ ಹದಿಮೂರು ಯಾವ ಬಣ್ಣಕ್ಕೆ ತಿರುಗಿದರೂ ಯಾರೂ ಕೇಳುವವರಿರಲಿಲ್ಲ. ವಿಫೆನ್ ಮನೆಯ ಕಡಲ ಕಡೆಯ ಗೋಡೆ ಮಾತ್ರ ಪ್ರತಿ ವಸಂತದಲ್ಲೂ, ಮೊದಲ ದೋಣಿ ಇಳಿಯುವ ಮುಂಚೆ, ಸುಣ್ಣ ಕಾಣಲೇಬೇಕಿತ್ತು.

ಅನಸ್ತೇಸಿಯಾ ಎಂಬ ಉದ್ದ ಹೆಸರಿನ ಸ್ಟೇಷಾ ಹತ್ತೊಂಬತ್ತನೆಯ ವಯಸ್ಸಿಗೆ ಡಿನ್ ವಿಫೆನ್‌ನನ್ನು ಮದುವೆಯಾಗಿ ಆ ಮನೆಗೆ ಬಂದಳು. ಅತ್ತೆ ಆ ವಸಂತದಲ್ಲೇ ಸುಣ್ಣದ ಕುಂಚವನ್ನು ಅವಳ ಕೈಗೆ ಕೊಟ್ಟಳು. "ನೋಡು ಮಗಳೇ, ನೀನು ಬ್ರೆಡ್ ಸುಟ್ಟು ಕರಿ ಮಾಡಿದ್ರೆ ನನ್ನ ಮಗ ಬೈತಾನೆ, ಅಷ್ಟೆ. ಈ ಗೋಡೆ ಕರಿ ಮಾಡಿದ್ರೆ ಇಡೀ ಊರಿನ ಹೆಂಗಸರು ಬಾಗಿಲಿಗೆ ಬರ್ತಾರೆ" ಎಂದಳು. ಸ್ಟೇಷಾ ನಕ್ಕಳು. ಅತ್ತೆ ನಗಲಿಲ್ಲ.

ಮದುವೆಯ ದಿಬ್ಬಣದೊಂದಿಗೆ ಒಂದು ಬಟ್ಟೆಗಂಟು ಹಿಡಿದು ಏಳು ವರ್ಷದ ತಮ್ಮನೂ ಬಂದಿದ್ದ. ತಾಯಿ ತೀರಿಕೊಂಡ ಮೇಲೆ ಆಂಬ್ರೋಸನನ್ನು ಅವಳೇ ಸಾಕುತ್ತಿದ್ದಳು. "ಇವನೂ ಬರ್ತಾನೆ, ಇಲ್ಲದಿದ್ರೆ ನಾನೂ ಇಲ್ಲ" ಎಂದು ಪಾದ್ರಿಯ ಮುಂದೆಯೇ ಹೇಳಿದ್ದಳು. ಡಿನ್ ಒಳ್ಳೆಯವನು, ಹುಡುಗನನ್ನು ತನ್ನ ದೋಣಿಗೆ ಹತ್ತಿಸಿಕೊಂಡು ಬಲೆ ಎಳೆಯಲು, ಗುರುತು ಹಿಡಿಯಲು ಕಲಿಸಿದ. ಅವರಿಗೆ ಮಕ್ಕಳಾಗಲಿಲ್ಲ. ಡಿನ್ ಐವತ್ತು ದಾಟುವ ಹೊತ್ತಿಗೆ ಎದೆರೋಗದಿಂದ ಹಾಸಿಗೆಯಲ್ಲೇ ಹೋದ. ಆಂಬ್ರೋಸ್ ಮದುವೆಯಾಗದೆ ಅಕ್ಕನ ಮೇಜಿನಲ್ಲೇ ಊಟ ಮಾಡಿಕೊಂಡು ಉಳಿದ.

"ನಿನಗೆ ಹೆಣ್ಣು ಯಾರೂ ಸಿಗಲ್ಲ ಅಂತಲ್ಲ," ಎಂದು ಪಕ್ಕದ ಮನೆಯ ಕಾರ್ಮೆಲ್ ಅವನನ್ನು ಕೆಣಕುತ್ತಿದ್ದಳು. "ನಿಮ್ಮಕ್ಕನ ಮೀನುಸಾರಿನ ಜೊತೆ ಪೈಪೋಟಿ ಮಾಡೋ ಧೈರ್ಯ ಯಾವಳಿಗೂ ಇಲ್ಲ ಕಣೋ."

"ನಿನ್ನ ಸಾರು ತಿಂದ್ಕೊಂಡು ಗಸ್ ಇನ್ನೂ ಬದುಕಿದಾನಲ್ಲ, ಅದಕ್ಕೆ ಧೈರ್ಯ ಬೇಕು" ಎನ್ನುತ್ತಿದ್ದ ಅವನು. ಕಾರ್ಮೆಲಳ ಗಂಡ ಗಸ್ ಅವನ ದೋಣಿಯ ಜೊತೆಗಾರ. ಈ ಮಾತು ಕೇಳಿ ತಟ್ಟೆಯ ಮೇಲೆ ಬಗ್ಗಿಕೊಂಡೇ ನಗುತ್ತಿದ್ದ.

ಹೀಗೆ ನಲವತ್ತೆರಡು ವಸಂತಗಳು. ಸುಣ್ಣದಿಂದ ಸ್ಟೇಷಾಳ ಉಗುರಿನ ಸುತ್ತ ಚರ್ಮ ಬಿರುಕುಬಿಟ್ಟಿತ್ತು. ಈಗ ಊರಿಗೆಲ್ಲ ಅವಳು ಸ್ಟೇಷಾ ಅತ್ತೆ.

ಆಮೇಲೆ ಸರಕಾರದ ಕಾಗದ ಬಂತು. ಚಿಕ್ಕ ಕೊಲ್ಲಿಗಳವರು ದೊಡ್ಡ ಊರುಗಳಿಗೆ ಹೋಗಿ ನೆಲೆಸಬೇಕಂತೆ, ಅಲ್ಲಿ ಶಾಲೆ, ಡಾಕ್ಟರು, ವಿದ್ಯುತ್ತು ಎಲ್ಲ ಇದೆಯಂತೆ. ಅಜ್ಜಿಮಡಿಲಿಗೆ ಅದಾಗಲೇ ಶಾಲೆಯ ಮೇಡಂ ಬರುವುದು ನಿಂತಿತ್ತು, ಪಾದ್ರಿ ತಿಂಗಳಿಗೊಮ್ಮೆ ಬರುತ್ತಿದ್ದರು. ಮಕ್ಕಳಿದ್ದವರು ಸಹಿ ಹಾಕಿದರು. ಒಬ್ಬೊಬ್ಬರಾಗಿ ಉಳಿದವರೂ ಹಾಕಿದರು. ಕೊನೆಗೆ ಉಳಿದದ್ದು ಸ್ಟೇಷಾ ಒಬ್ಬಳೇ. ಎಲ್ಲರ ಸಹಿಯೂ ಬೀಳದೆ ಸರಕಾರ ಯಾರಿಗೂ ಹಣ ಕೊಡುತ್ತಿರಲಿಲ್ಲ. ಕಾರ್ಮೆಲ್ ಬಂದು ಒಲೆಯ ಪಕ್ಕ ಕೂತು ಅತ್ತಳು, ಅವಳ ಕಿರಿಯ ಮಗಳಿಗೆ ಕಿವಿ ಸೋರುತ್ತಿತ್ತು, ಡಾಕ್ಟರು ಬೇಕಿತ್ತು.

"ನಾನು ಹಟ ಮಾಡ್ತಿಲ್ಲ ಕಾರ್ಮೆಲ್," ಎಂದಳು ಸ್ಟೇಷಾ. "ಬೇರೆಯವರ ಗೋಡೆ ನೋಡ್ಕೊಂಡು ಏಳೋಕೆ ನನ್ನಿಂದಾಗಲ್ಲ. ಮನೆ ಬರೋದಾದ್ರೆ ನಾನೂ ಬರ್ತೀನಿ. ಹಾಕ್ತೀನಿ ಸಹಿ."

ಮನೆ ಬಂತು. ಆಗಸ್ಟಿನ ಒಂದು ಶಾಂತ ದಿನ ಗಂಡಸರು ಅಡಿಪಾಯದಿಂದ ಅದನ್ನೆಬ್ಬಿಸಿ, ಮರದ ದಿಮ್ಮಿಗಳ ಮೇಲೆ ಉರುಳಿಸಿ, ಸುತ್ತ ಖಾಲಿ ಪೀಪಾಯಿ ಕಟ್ಟಿ ನೀರಿಗಿಳಿಸಿದರು. ಐದು ದೋಣಿಗಳು ಅದನ್ನು ಹದಿನೆಂಟು ಮೈಲಿ ಎಳೆದುಕೊಂಡು ಹೋದವು. ಮನೆಯ ಹಿಂದೆ ಬರುತ್ತಿದ್ದ ಇನ್ನೊಂದು ದೋಣಿಯಲ್ಲಿ ಕೂತ ಸ್ಟೇಷಾ ದಾರಿಯುದ್ದಕ್ಕೂ ಜಪಮಾಲೆ ಉರುಳಿಸಿದಳು. ಅಡುಗೆಮನೆಗೆ ನೀರು ನುಗ್ಗಿ ಬಾಗಿಲು ಊದಿಕೊಂಡಿತು, ಮತ್ತೆಂದೂ ಸರಿಯಾಗಿ ಮುಚ್ಚಲಿಲ್ಲ.

ಹೊಸ ಊರು ಪೋರ್ಟ್ ಕೇನ್. ಒಳ್ಳೆಯ ಜಾಗವೆಲ್ಲ ಅಲ್ಲಿಯವರದ್ದಾಗಿತ್ತು. ಬಂದವರಿಗೆ ಉಳಿದದ್ದು ಊರಿನ ಪೂರ್ವ ಅಂಚಿನ ಕಲ್ಲುಗುಡ್ಡ. ಅಲ್ಲಿ ಅಡ್ಡಾಡಿ ಜಾಗ ಆರಿಸಿದವನು ಆಂಬ್ರೋಸ್.

"ಬಾ ಅಕ್ಕ, ಇಲ್ಲಿ ನಿಂತ್ಕೊಂಡು ನೋಡು. ಬೆನ್ನ ಹಿಂದೆ ಗುಡ್ಡ, ಗುಡ್ಡದಲ್ಲಿ ಸೀಳು. ಮುಂದೆ ನೀರು. ನಮ್ಮೂರೇ ಅಲ್ವಾ?"

ಸ್ಟೇಷಾ ನೋಡಿದಳು. ಹೌದು, ಸೀಳು ಸ್ವಲ್ಪ ಅಗಲ, ಉಳಿದದ್ದೆಲ್ಲ ಹಾಗೇ. ಆ ಊರಿಗೆ ಬಂದ ಮೇಲೆ ಮೊದಲ ಸಲ ಅವಳ ಎದೆ ಹಗುರಾಯಿತು. ಮನೆಯನ್ನು ಕಡಲಿಗೆ ಮುಖಮಾಡಿ ಅಲ್ಲೇ ನಿಲ್ಲಿಸಿದರು.

ಚಳಿಗಾಲ ಕಳೆದು ಮೇ ತಿಂಗಳಲ್ಲಿ ಅವಳು ಸುಣ್ಣ ಕಲಸುತ್ತಿದ್ದಾಗ ಸೈಲಸ್ ಬಂದ. ಪೋರ್ಟ್ ಕೇನಿನಲ್ಲೇ ಹುಟ್ಟಿ ಬೆಳೆದ ಮೀನುಗಾರ, ಮಾತು ಕಡಿಮೆ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅತ್ತೆ, ಒಂದ್ಮಾತು. ಈ ಗೋಡೆಗೆ ಬಿಳಿ ಬೇಡ. ಬೇರೆ ಯಾವುದಾದ್ರೂ ಬಳೀರಿ. ಹಸಿರು, ಕೆಂಪು, ಏನಾದ್ರೂ."

"ಯಾಕಪ್ಪಾ? ನಿಮ್ಮೂರಲ್ಲಿ ಬಿಳಿಗೆ ತೆರಿಗೆ ಉಂಟಾ?"

"ಇದರ ಕೆಳಗೆ ನೀರಿನಲ್ಲಿ ಬಂಡೆಗಳಿವೆ, ನೀರುಕಾಗೆ ಬಂಡೆ ಅಂತೀವಿ. ಬಂದರಿನ ದಾರಿ ಅತ್ಲಾಗೆ, ಪಶ್ಚಿಮಕ್ಕೆ, ಚರ್ಚಿನ ಗೋಪುರದ ನೇರಕ್ಕೆ. ಇಲ್ಲಿ ಇಷ್ಟು ಬೆಳ್ಳಗೆ ಏನಾದ್ರೂ ಕಂಡ್ರೆ ಯಾರಾದ್ರೂ ಮೋಸ ಹೋದಾರು."

"ನಿಮ್ಮೂರಿನವರು ಬಿಳಿ ಗೋಡೆ ಕಂಡ ತಕ್ಷಣ ಬಂಡೆಗೆ ಗುದ್ದೋವಷ್ಟು ದಡ್ಡರಾ?"

"ನಮ್ಮೂರಿನವರಲ್ಲ" ಎಂದ ಸೈಲಸ್. ಮತ್ತೇನೋ ಹೇಳಲು ಹೋದವನು, ಬೇಲಿಯ ಆಚೆ ಕಾರ್ಮೆಲ್ ಸೊಂಟಕ್ಕೆ ಕೈಯಿಟ್ಟು ನಿಂತದ್ದು ಕಂಡು ಟೊಪ್ಪಿ ಹಾಕಿಕೊಂಡು ಇಳಿದು ಹೋದ.

"ನೋಡಿದ್ರಾ ಇವನ ಸೊಕ್ಕು! ಕಲ್ಲು ಕೊಟ್ಟು ಮನೆ ಕಟ್ಕೊಳ್ಳಿ ಅಂದ್ರು, ಈಗ ಬಣ್ಣಾನೂ ಅವರೇ ಹೇಳ್ತಾರೆ" ಎಂದಳು ಕಾರ್ಮೆಲ್.

ರಾತ್ರಿ ಊಟಕ್ಕೆ ಕೂತಾಗ ಸ್ಟೇಷಾ ತಮ್ಮನಿಗೆ ವಿಷಯ ಹೇಳಿದಳು. ಅವಳಿಗೆ ಒಳಗೊಳಗೇ ಸ್ವಲ್ಪ ಅಳುಕಿತ್ತು. ಆಂಬ್ರೋಸ್ ಆಲೂಗಡ್ಡೆ ಸುಲಿಯುತ್ತ ಯೋಚಿಸಿದ.

"ಅವನ ಮಾತು ಸುಳ್ಳಲ್ಲ. ಆದ್ರೆ ನಮಗೇನು ದಾರಿ ಗೊತ್ತಿಲ್ವಾ? ಚರ್ಚಿನ ಗೋಪುರ ನೋಡ್ಕೊಂಡೇ ಬರ್ತೀವಿ. ಬಳಿ ಅಕ್ಕ. ಈ ಊರಲ್ಲಿ ನಮ್ಮದು ಅನ್ನೋದು ಅದೊಂದೇ." ಮರುದಿನ ದೋಣಿಗೆ ಹೋಗುವ ಮುಂಚೆ, ಅವಳಿಗೆ ಎಟುಕದ, ಛಾವಣಿಗೆ ತಾಗುವ ಮೇಲಿನ ಮುಕ್ಕೋನವನ್ನು ಏಣಿ ಹತ್ತಿ ಅವನೇ ಬಳಿದ.

ಬೇಸಿಗೆಯೆಲ್ಲ ಚೆನ್ನಾಗೇ ನಡೆಯಿತು. ಸಂಜೆ ದಡದ ಮೇಲೆ ನಿಂತು ಸ್ಟೇಷಾ ಕೈಬೀಸಿದರೆ ದೂರದಿಂದ ಆಂಬ್ರೋಸ್ ಟೊಪ್ಪಿ ಎತ್ತುತ್ತಿದ್ದ.

ಸೆಪ್ಟೆಂಬರ್ ಹದಿನೇಳರಂದು ಬೆಳಗಿನಿಂದಲೇ ಮಂಜು. ದೋಣಿಗಳೆಲ್ಲ ಬೇಗ ಹಿಂದಿರುಗಿದವು, ಆಂಬ್ರೋಸ್ ಮತ್ತು ಗಸ್ ಹೋದದ್ದು ಮಾತ್ರ ಬರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ತಿರುಗಿ ಮಂಜು ಅಲ್ಲಲ್ಲಿ ಹರಿಯತೊಡಗಿತು. ಸ್ಟೇಷಾ ಅಡುಗೆಮನೆಯಲ್ಲಿ ರಾತ್ರಿಯ ಊಟಕ್ಕೆ ಗಟ್ಟಿ ಬ್ರೆಡ್ಡನ್ನು ನೀರಿನಲ್ಲಿ ನೆನೆಹಾಕುತ್ತಿದ್ದಳು. ಕೆಳಗಿನಿಂದ ಒಂದು ಶಬ್ದ ಬಂತು, ಯಾರೋ ಪೆಟ್ಟಿಗೆ ಎತ್ತಿಹಾಕಿದ ಹಾಗೆ. ಆಮೇಲೆ ಗಸ್‌ನ ಕೂಗು.

ಗಸ್‌ನನ್ನು ಸೈಲಸ್ ತನ್ನ ದೋಣಿಯಲ್ಲಿ ಹೋಗಿ ಬಂಡೆಯ ಮೇಲಿಂದ ಎತ್ತಿದ. ಆಂಬ್ರೋಸನನ್ನೂ ಅವನೇ ಎತ್ತಿದ, ಒಂದು ಗಂಟೆಯ ಮೇಲೆ.

ಎರಡು ದಿನ ಶವವನ್ನು ಮುಂದಿನ ಕೋಣೆಯಲ್ಲಿಟ್ಟು ಕಾದರು. ಜನ ಬಂದರು, ಜಪಮಾಲೆ ಹೇಳಿದರು, ಚಹಾ ಕುಡಿದರು. ಎಲ್ಲರೂ ಮಂಜು ಎಂದರು. "ಮಂಜು ಏನೂ ಮಾಡೋಕೆ ಬಿಡಲ್ಲ ಅತ್ತೆ." "ಈ ಕಡಲು ನಮ್ಮದಲ್ಲ ಅತ್ತೆ." ಗಸ್ ಮಾತ್ರ ಬಾಗಿಲ ಹತ್ತಿರ, ಒಡೆದ ಮೊಣಕೈಗೆ ಬಟ್ಟೆ ಕಟ್ಟಿಕೊಂಡು ನಿಂತೇ ಇದ್ದ, ಸ್ಟೇಷಾ ಕಡೆ ನೋಡುತ್ತಿರಲಿಲ್ಲ. ಅವಳು ಗಮನಿಸಿದಳು. ಹೊರಗಿನ ಗೋಡೆಯ ಮಾತು ಬಂದೀತೆಂದು ಎಲ್ಲರೂ ಹವೆ, ಮೀನು, ಪಾದ್ರಿಯ ಕೆಮ್ಮು ಎಂದು ಬೇರೇನನ್ನೋ ಮಾತಾಡುತ್ತಿದ್ದುದನ್ನೂ ಗಮನಿಸಿದಳು.

ಮಣ್ಣು ಮಾಡಿ ಬಂದ ಮರುದಿನ ಅವಳು ಗಸ್‌ನ ಮನೆಗೆ ಹೋದಳು.

"ಗಸ್, ನನ್ನ ಮುಖ ನೋಡಿ ಹೇಳು. ಅವನು ಕೊನೆಗೆ ನೋಡ್ತಾ ಇದ್ದದ್ದು ಏನನ್ನ?"

"ಬಿಡಿ ಅತ್ತೆ..." ಎಂದು ಕಾರ್ಮೆಲ್ ಅಡ್ಡ ಬಂದಳು.

"ನೀನು ಸುಮ್ನಿರು. ಹೇಳು ಗಸ್."

ಗಸ್ ಮೇಜಿನ ಮೇಲೆ ಬೆರಳಾಡಿಸಿದ. "ನಸುಕಿನಿಂದ ಬಲೆ ಎಳೆದು ಸುಸ್ತಾಗಿತ್ತು ಅತ್ತೆ. ಮೀನು ತುಂಬಿ ದೋಣಿ ಕುಗ್ಗಿತ್ತು. ಮಂಜಲ್ಲಿ ಏನೂ ಕಾಣ್ತಿರಲಿಲ್ಲ, ಮೆಲ್ಲಗೆ ಬರ್ತಿದ್ವಿ. ಆಮೇಲೆ ಮುಂದೆ ಮಂಜು ಹರೀತು. ಸೀಳು ಕಾಣಿಸ್ತು. ಕೆಳಗೆ ಬಿಳಿ." ಅವನು ಒಡೆದ ಮೊಣಕೈಯನ್ನು ಹಿಡಿದುಕೊಂಡ. "'ಅಗೋ ಅಕ್ಕನ ಮನೆ' ಅಂದ. ಅಂದವನೇ ದೋಣಿ ತಿರುಗಿಸಿದ."

"ನೀನು?"

"ನಾನೂ ನೋಡಿದೆ. ಅಬ್ಬ, ಬಂದ್ವಿ ಅಂದ್ಕೊಂಡೆ. ಮೀನನ್ನ ದಡಕ್ಕೆ ಎಸೆಯೋಕೆ ಅಂತ ಕವೆಗೋಲು ಕೈಗೆ ತಗೊಂಡೆ. ಇದು ಅಜ್ಜಿಮಡಿಲಲ್ಲ, ಹದಿನೆಂಟು ಮೈಲಿ ಆಚೆಗೆ ಬಂದಿದ್ದೀವಿ ಅನ್ನೋದು ಇಬ್ಬರ ತಲೆಗೂ ಹೋಗಲಿಲ್ಲ ಅತ್ತೆ. ನಾನು ಒಂದ್ಮಾತು ಕೂಗಿದ್ರೂ..."

ಸ್ಟೇಷಾ ಅಳಲಿಲ್ಲ. ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

"ಎಲ್ಲಿಗೆ?"

"ಅವನು ತಿರುಗಿಸಿದ ಜಾಗಕ್ಕೆ. ಇಷ್ಟು ವರ್ಷ ಬಳಿದೆ, ನೀರಿನ ಮೇಲಿಂದ ಒಂದು ದಿನವೂ ನೋಡಿಲ್ಲ."

ಅದು ನಿಜ. ಹೆಂಗಸರು ದಡದಲ್ಲಿ ಮೀನು ಸೀಳಿ, ಉಪ್ಪು ಹಾಕಿ, ಒಣಗಿಸುವವರು. ಬೆಳಗಿನ ದೋಣಿ ಅವರದ್ದಲ್ಲ. ಅಜ್ಜಿಮಡಿಲಿನಿಂದ ಮನೆಯೊಂದಿಗೆ ಬಂದ ದಿನವೂ ಅವಳು ಕಂಡದ್ದು ಮನೆಯ ಬೆನ್ನನ್ನೇ.

ಗಸ್ ಅಣ್ಣನ ದೋಣಿ ಕೇಳಿ ತಂದ. ಮೋಡ ಮುಚ್ಚಿದ, ಗಾಳಿಯಿಲ್ಲದ ಮಧ್ಯಾಹ್ನ. ಅರ್ಧ ಮೈಲಿ ಹೋದ ಮೇಲೆ ಎಂಜಿನ್ ನಿಲ್ಲಿಸಿ, "ಇಲ್ಲೇ" ಎಂದ.

ಸ್ಟೇಷಾ ತಿರುಗಿ ನೋಡಿದಳು. ಬೂದು ಗುಡ್ಡ, ಬೂದು ನೀರು, ಬೂದು ಮನೆಗಳು. ನಡುವೆ ಸೀಳಿನ ನೇರ ಕೆಳಗೆ ಅವಳ ಗೋಡೆ, ಹತ್ತಿ ಇಟ್ಟ ಹಾಗೆ. ಬೇರೆ ಏನನ್ನೂ ನೋಡಲು ಮನಸ್ಸಾಗದಷ್ಟು ಬೆಳ್ಳಗೆ. ಚರ್ಚಿನ ಗೋಪುರ ಎಲ್ಲಿದೆಯೆಂದು ಅವಳು ಹುಡುಕಿದಳು. ಅದು ಎಡಕ್ಕೆ ಎಲ್ಲೋ ಸಣ್ಣಗಿತ್ತು, ಕಣ್ಣು ಮತ್ತೆ ಮತ್ತೆ ಗೋಡೆಗೇ ಮರಳಿತು. ಬಾ ಎನ್ನುವ ಹಾಗಿತ್ತು ಅದು. ಡಿನ್, ಅವನಪ್ಪ, ಆಂಬ್ರೋಸ್ ಎಲ್ಲರೂ ದಿನಾ ಸಂಜೆ ನೋಡುತ್ತಿದ್ದುದು ಇದನ್ನು. ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

"ನಾನಾಗಿದ್ರೂ ತಿರುಗಿಸ್ತಿದ್ದೆ" ಎಂದಳು. "ನಡಿ, ಸಾಕು."

ಮರುದಿನ ಬೆಳಿಗ್ಗೆ ಅವಳು ಛಾವಣಿಗೆ ಬಳಿಯುವ ಡಾಂಬರನ್ನು ಹಳೆಯ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿದಳು. ಕೆಳಗಿನ ಮೂಲೆಯಿಂದ ಶುರುಮಾಡಿದಳು. ಮೊದಲ ಕಪ್ಪು ಪಟ್ಟೆ ಬಿದ್ದಾಗ ಕೈ ನಿಂತಿತು. ಗೋಡೆಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಹಾಗೇ ಇದ್ದು ಮತ್ತೆ ಬಳಿದಳು. ಕಾರ್ಮೆಲ್ ಬೇಲಿ ದಾಟಿ ಬಂದು, ಏನೂ ಕೇಳದೆ ಇನ್ನೊಂದು ಕುಂಚ ಎತ್ತಿಕೊಂಡಳು. ಬಳಿಯುತ್ತ ಆಗಾಗ ತೋಳಿನಿಂದ ಮೂಗು ಒರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಡಾಂಬರು ಮುಗಿಯಿತು. ಮೇಲಿನ ಮುಕ್ಕೋನ ಬಿಳಿಯಾಗೇ ಉಳಿದಿತ್ತು. ಅದು ಆಂಬ್ರೋಸ್ ಬಳಿದದ್ದು. ಸ್ಟೇಷಾ ಅದನ್ನು ನೋಡುತ್ತ ಖಾಲಿ ಪಾತ್ರೆ ಹಿಡಿದು ನಿಂತಳು.

"ಅಷ್ಟು ಉಳೀಲಿ ಬಿಡಿ ಅತ್ತೆ" ಎಂದಳು ಕಾರ್ಮೆಲ್ ಮೆಲ್ಲಗೆ.

"ದೂರದಿಂದ ಕಾಣೋದೇ ಅದು ಕಣೇ" ಎಂದಳು ಸ್ಟೇಷಾ.

ಸೈಲಸ್ ಗುಡ್ಡ ಹತ್ತಿ ಬಂದ. ಒಂದು ಕೈಯಲ್ಲಿ ಡಾಂಬರಿನ ಬಕೆಟ್ಟು, ಹೆಗಲ ಮೇಲೆ ಏಣಿ. ಕೆಳಗಿನ ದಡದಿಂದ ನೋಡಿದ್ದನೆಂದು ಕಾಣುತ್ತದೆ. ಏಣಿಯನ್ನು ಗೋಡೆಗೆ ಆನಿಸಿ, ಟೊಪ್ಪಿ ತೆಗೆದು ಕಲ್ಲಿನ ಮೇಲಿಟ್ಟ.

ಸ್ಟೇಷಾ ಅವನ ಮುಖವನ್ನೇ ನೋಡಿದಳು. "ಹೇಳಿಬಿಡು ಸೈಲಸ್. ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಯಾರಾದ್ರೂ ಒಬ್ಬರು ಬಾಯಿಬಿಟ್ಟು ಹೇಳ್ರೋ ನನಗೆ."

ಅವನು ಬಕೆಟ್ಟು ಎತ್ತಿಕೊಂಡು ಎರಡು ಮೆಟ್ಟಿಲು ಹತ್ತಿ ನಿಂತ.

"ಏಣಿ ಅಲ್ಲಾಡ್ತಿದೆ," ಎಂದ. "ಸ್ವಲ್ಪ ಹಿಡ್ಕೊಳ್ಳಿ ಅತ್ತೆ."

ಅವಳು ಡಾಂಬರು ಮೆತ್ತಿದ ಎರಡೂ ಕೈಗಳಿಂದ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.