ಎಣ್ಣೆ ಹಾಕಿದ ಬಾಗಿಲು

ಅಂಕೋಲೆಯಲ್ಲಿ ಮೈಕ್ ಅಂಗಡಿ ಇಟ್ಟಿದ್ದ ಒಬ್ಬರು ಹೆದ್ದಾರಿಗಾಗಿ ಒಡೆಯಲಿದ್ದ ಮನೆಗಳ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಸಂಗೀತ ಕಟ್ಟುತ್ತಿದ್ದರು. ಗೋಡೆಗೆ ಕಿವಿಯಿಟ್ಟು, "ಸ್ವಲ್ಪ ಸುಮ್ನಿರಿ, ಮನೆ ಮಾತಾಡ್ತದೆ" ಎನ್ನುತ್ತಿದ್ದರು. ನಮ್ಮಲ್ಲಿಗೆ ಬಂದದ್ದು, ಕೇರಿಗೆಲ್ಲ ಕೇಳುವಂತೆ ಕಿರುಗುಡುತ್ತಿದ್ದ ತಲೆಬಾಗಿಲಿಗಾಗಿಯೇ. ಅವರು ತಳ್ಳಿ ನೋಡಿದರೆ ಸದ್ದೇ ಇಲ್ಲ.

"ಆಯಿ, ಎಣ್ಣೆ ಹಾಕಿದ್ರಾ?" ಎಂದು ನನ್ನ ತಾಯಿಯನ್ನು ಕೇಳಿದರು.

"ಮತ್ತೆ? ಹೊರಗಿನವರು ಬರೂವಾಗ ಹಾಗೇ ಬಿಡೂದಾ?"

ಅವರು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಬಾವಿಯ ರಾಟೆ, ಉಯ್ಯಾಲೆಯ ಸರಪಳಿ ಇಷ್ಟನ್ನೇ ರೆಕಾರ್ಡ್ ಮಾಡಿಕೊಂಡು ಹೋದರು.

ಈಗ ಆ ಮನೆಯೂ ಇಲ್ಲ, ಅವರೂ ಇಲ್ಲ. ಸಂಗೀತ ನನ್ನ ಫೋನಿನಲ್ಲಿದೆ. ನಡುವೆ ಒಂದು ಕಡೆ ಎಲ್ಲ ಸದ್ದೂ ನಿಲ್ಲುತ್ತದೆ. ಬಾಗಿಲಿನ ಜಾಗವನ್ನು ಅವರು ಖಾಲಿಯೇ ಬಿಟ್ಟಿದ್ದಾರೆ. ಸಂಗೀತ ಅಲ್ಲಿಗೆ ಬಂದಾಗಲೆಲ್ಲ ಈಗಿನ ಬಾಡಿಗೆ ಮನೆಯ ಅಡುಗೆಕೋಣೆಯಿಂದ ಆಯಿ, ಬಾಯಲ್ಲೇ, "ಕಿರ್ರ್" ಎನ್ನುತ್ತಾಳೆ.