ಪೊರ್ಬುಗಳ ಹತ್ತನೆಯ ವರ್ಷ

ಲಾರೆನ್ಸ್ ಪೊರ್ಬುಗಳು ಟವೆಲ್ ಮಡಚುವುದನ್ನು ನೋಡಲು ನಾವು ಕೆಲಸ ಬಿಟ್ಟು ನಿಲ್ಲುತ್ತಿದ್ದೆವು. ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಿ, ಮೂರೇ ಮಡಿಕೆ, ಇಸ್ತ್ರಿಪೆಟ್ಟಿಗೆಗೆ ನಾಚಿಕೆಯಾಗಬೇಕು. ಕೊಲ್ಲಿ ದೇಶದ ಮುಸಫ್ಫಾದಲ್ಲಿದ್ದ ಕಾರ್ಮಿಕರ ಕ್ಯಾಂಪಿನ ನಮ್ಮ ಕೋಣೆಯಲ್ಲಿ ಆರು ಮಂಚ. ಐದು ಸಂತೆಯಂತಿದ್ದರೆ ಅವರದು ಮಾತ್ರ ಆಸ್ಪತ್ರೆಯ ಮಂಚದಂತೆ. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ಹಾಸಿಗೆಬಟ್ಟೆ ಒಗೆದವರಲ್ಲವೇ! ಮಂಗಳೂರಿನ ಕೊಂಕಣಿ ಕ್ರೈಸ್ತರು; ತುಳುವನಾದ ನಾನು ಅಂಥವರನ್ನು ಕರೆಯುವ ನಮ್ಮ ವಾಡಿಕೆಯಂತೆ ಪೊರ್ಬುಗಳೇ ಎನ್ನುತ್ತಿದ್ದೆ. ಕಂಪನಿಯಲ್ಲಿ ಅವರು ಸ್ಟೋರ್ ಕೀಪರ್, ನಾನು ಆಫೀಸಿನ ಗುಮಾಸ್ತ.

ಅವರ ಮಾತು ಸುತ್ತಿ ಸುತ್ತಿ ಆ ಒಂಬತ್ತಕ್ಕೇ ಬರುತ್ತಿತ್ತು. "ಅಲ್ಲಿ ಸಂಬಳದಲ್ಲೇ ವಿಮೆ ಹಿಡೀತಾರೆ ಮಾರಾಯ. ಹತ್ತು ವರ್ಷ ಕಟ್ಟಿದವನಿಗೆ ಸಾಯುವವರೆಗೆ ಸರಕಾರದ ಪೆನ್ಶನ್. ಒಂಬತ್ತು ಕಟ್ಟಿದವನಿಗೆ ಖಲಾಸ್, ಒಂದು ಪೈಸೆ ಇಲ್ಲ." ಉಳಿದ ಒಂದು ವರ್ಷದ ಕಂತನ್ನು ಹೊರದೇಶದಿಂದಲೂ ಕೈಯಾರೆ ಕಟ್ಟಬಹುದೆಂದು ಗೊತ್ತಾದಾಗ ಅರ್ಜಿ ಹಾಕಿದರು. ವಯಸ್ಸು ಅರವತ್ತೈದರ ಹತ್ತಿರ. ಎದೆನೋವಿಗೆ ಮಾತ್ರೆ ನುಂಗಿಕೊಂಡೇ ಪೆಟ್ಟಿಗೆ ಎತ್ತುತ್ತಿದ್ದರು. "ಆ ಹತ್ತು ವರ್ಷ ಒಂದು ಆಗಲಿ. ಮತ್ತೆ ಒಂದು ಪೆಟ್ಟಿಗೆ ಸಹ ಎತ್ತುದಿಲ್ಲ, ಯಲ್ಲಾ, ಹೊರಟೆ, ಸೀದಾ ಊರಿಗೆ."

ಇಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವುದಿಲ್ಲ. ಎಲ್ಲರ ಕಾಗದವೂ ಕಂಪನಿಯ ಅಂಚೆಪೆಟ್ಟಿಗೆಗೇ. ಅರ್ಜಿಯಲ್ಲಿ ಅವರು ಕೊಟ್ಟದ್ದೂ ಅದೇ ವಿಳಾಸ. ಅಷ್ಟರಲ್ಲಿ ಎಣ್ಣೆಯ ಬೆಲೆ ಬಿತ್ತು, ಕಂಪನಿ ಅರ್ಧ ಜನರ ವೀಸಾ ರದ್ದು ಮಾಡಿತು. ಪೊರ್ಬುಗಳು ದುಬೈಯ ಮಿರ್ದಿಫ್‌ನಲ್ಲಿ ಅಂಗಡಿಯೊಂದರ ಗೋದಾಮು ಸೇರಿದರು. ಹೊರಡುವಾಗ ನನ್ನ ಕೈ ಹಿಡಿದು, "ಕಂತು ಕಟ್ಟಲಿಕ್ಕೆ ಒಪ್ಪಿಗೆಯ ಕಾಗದ ಬಂದ್ರೆ ತೆಗೆದಿಡು, ಆಯ್ತಾ?" ಅಂದರು. ಆಮೇಲೆ ಪ್ರತಿ ಶುಕ್ರವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದವರೇ ಫೋನ್ ಮಾಡುತ್ತಿದ್ದರು. "ಬಂತಾ?"

ಕೆಲಸ ಕಳೆದುಕೊಂಡವರ ಹೆಸರಿನ ಕಾಗದಗಳು ನನ್ನ ಮೇಜಿನ ಮೇಲೆ ರಾಶಿ ಬಿದ್ದವು. ಎಲ್ಲ ವಾಪಸು ಕಳಿಸು ಎಂದರು ಮ್ಯಾನೇಜರು. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರೇ ಇದ್ದರೆ ಎಂಬ ಅಳುಕು ನನಗೆ. ಚುರುಕು ತೋರಿಸುವ ಭರದಲ್ಲಿ ಯಾರದೆಂದೂ ನೋಡದೆ 'ಈ ವಿಳಾಸದಲ್ಲಿಲ್ಲ' ಎಂಬ ಸೀಲನ್ನು ಒತ್ತುತ್ತಾ ಹೋದೆ.

ಎರಡು ತಿಂಗಳ ಮೇಲೆ ಮಿರ್ದಿಫ್‌ಗೆ ಹೋದರೆ, ಪೊರ್ಬುಗಳು ಸೊರಗಿ ಅರ್ಧವಾಗಿದ್ದರು. ಪೆನ್ಶನ್ ಆಫೀಸಿಗೆ ಫೋನ್ ಮಾಡಿದ್ದರಂತೆ.

"ಕಾಗದ ನಿಮ್ಮಲ್ಲಿಗೆ ಬಂದು, ಸೀಲು ಬಿದ್ದು ವಾಪಸು ಹೋಗಿದೆಯಂತೆ. ಅರ್ಜಿ ಕ್ಲೋಸ್. ಪುನಃ ಹಾಕಿದ್ದೇನೆ, ತಿಂಗಳುಗಟ್ಟಲೆ ಹಿಡೀತದಂತೆ."

ಅವರೇ ಚಹಾ ಬಗ್ಗಿಸಿ ಕೊಟ್ಟರು.

"ಹೊಸಬರು ಯಾರೋ ಒತ್ತಿರಬೇಕು. ನೀನಾಗಿದ್ರೆ ಹೆಸರು ನೋಡದೆ ಒತ್ತುದುಂಟಾ?"

"ಇಲ್ಲ ಪೊರ್ಬುಗಳೇ," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ಇಂದಿಗೂ ನನ್ನ ಮೇಲೆ ನನಗೆ ಹೇಸಿಗೆ.

ಮುಂದಿನ ತಿಂಗಳು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗಲೇ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಶವವನ್ನು ಊರಿಗೆ ಕಳಿಸುವ ಕಾಗದಪತ್ರಗಳಿಗೆ ನಾನೇ ರಜೆ ಹಾಕಿ ಓಡಾಡಿದೆ. ಪ್ರತಿಯೊಂದರಲ್ಲೂ ಅವರ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದೆ.